ಅಂಗುಲತ್ರಯ: ಅಳತೆಗೆ ಆಧಾರವಾವುದು?

ಕನಕಪುರ ಮಾರ್ಗದ ಹಾರೋಹಳ್ಳಿಯಲ್ಲಿ ಹೂವನ್ನು ಇಂದಿಗೂ ಮೊಳದಿಂದ ಅಳೆದು ಕೊಡುವರು. ಮಾರುವವರ ಮೊಳಕ್ಕೂ ಕೊಳ್ಳುವವರ ಮೊಳಕ್ಕೂ ಅಂತರವಿದ್ದರೆ ಮಾಲೆಯ ಮಟ್ಟಿಗೆ ಬಾಧೆಯಿಲ್ಲ. ಆದರೆ ದ್ವೀಪಸಮುದ್ರಗಳ ವಿಸ್ತಾರವನ್ನು ಹೇಳಹೊರಟ ಗ್ರಂಥಕಾರನು ಯಾರ ಕೈಯನ್ನು ಪ್ರಮಾಣವಾಗಿ ಗ್ರಹಿಸಬೇಕು?

ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯು ಇದಕ್ಕೆ ಉತ್ತರವಾಗಿ ಮೂರು ಅಂಗುಲಗಳನ್ನು ಹೇಳುತ್ತದೆ. ಜೀವಿಗಳ ಶರೀರದ ಎತ್ತರಕ್ಕೆ ಉತ್ಸೇಧಾಂಗುಲ. ದ್ವೀಪ, ಸಮುದ್ರ, ಪರ್ವತಗಳಿಗೆ ಅದರ 500 ಪಟ್ಟಿನ ಪ್ರಮಾಣಾಂಗುಲ. ಕಲಶ, ಶಯ್ಯೆ, ಆಯುಧ ಮೊದಲಾದ ಬಳಕೆಯ ವಸ್ತುಗಳಿಗೆ ಆಯಾ ಕಾಲದ ಮನುಷ್ಯರ ಆತ್ಮಾಂಗುಲ. ಹೂವಿನ ಮೊಳವು ಈ ಕೊನೆಯದರ ಜಾತಿಗೆ ಸೇರಿದ್ದು.

ಅಮೋಘವರ್ಷ ನೃಪತುಂಗನ ಕಾಲದ, ಎಂದರೆ 9ನೆಯ ಶತಮಾನದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಸಂಜ್ಞಾಧಿಕಾರದಲ್ಲಿ ಇದೇ ಕ್ರಮವನ್ನು ಹಿಡಿದಿದ್ದಾರೆ. ಅನಂತ ಪರಮಾಣುಗಳಿಂದ ಅಣು. ಅಲ್ಲಿಂದ ತ್ರಸರೇಣು, ರಥರೇಣು, ಕೇಶಾಗ್ರ ಮುಂತಾಗಿ ಎಂಟೆಂಟರಂತೆ ಏರಿ, 8 ಯವಗಳಿಗೆ ಒಂದು ವ್ಯವಹಾರಾಂಗುಲ. 24 ಅಂಗುಲ ಒಂದು ಹಸ್ತ, 4 ಹಸ್ತ ಒಂದು ದಂಡ, 2000 ದಂಡ ಒಂದು ಕ್ರೋಶ, 4 ಕ್ರೋಶ ಒಂದು ಯೋಜನ. ಹೀಗೆ ಯೋಜನವೊಂದಕ್ಕೆ 7,68,000 ಅಂಗುಲಗಳು.

ಪಾಶ್ಚಾತ್ಯರಲ್ಲಿಯೂ ದೇಹವನ್ನು ಬಿಟ್ಟು ಸ್ಥಿರವಾದ ಆಧಾರವನ್ನು ಅರಸುವ ಯತ್ನ ನಡೆಯಿತು. ಫ್ರೆಂಚರು 18ನೆಯ ಶತಮಾನದ ಕೊನೆಯಲ್ಲಿ ಧ್ರುವದಿಂದ ವಿಷುವದ್ವೃತ್ತದವರೆಗಿನ ದೂರದ ಕೋಟಿಯ ಒಂದು ಭಾಗವನ್ನು ಮೀಟರ್ ಎಂದರು. 1889ರಲ್ಲಿ ಲೋಹದ ದಂಡವೊಂದು ಅದರ ಮಾದರಿಯಾಯಿತು. 1983ರಿಂದ, ಶೂನ್ಯದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರ್. 2019ರ ಮೇ 20ರಿಂದ ಕಿಲೋಗ್ರಾಮ್ ಸಹ ಲೋಹದ ಮಾದರಿಯನ್ನು ತೊರೆದು ಪ್ಲಾಂಕ್ ಸ್ಥಿರಾಂಕವನ್ನು ಆಶ್ರಯಿಸಿದೆ.

ಈ ಸಾಮ್ಯವನ್ನು ಕಂಡು, ಆಧುನಿಕ ಸ್ಥಿರಾಂಕಗಳು ನಮ್ಮ ಪೂರ್ವಾಚಾರ್ಯರಿಗೆ ಮೊದಲೇ ತಿಳಿದಿದ್ದವೆಂದು ಹೇಳುವುದು ಉಚಿತವಲ್ಲ. ಬೆಳಕಿನ ವೇಗವು ಪ್ರಯೋಗಗಳಿಂದ ದೊರೆತು, ಬಳಿಕ ಸರ್ವಸಮ್ಮತಿಯಿಂದ ನಿಶ್ಚಿತವಾದ ಸಂಖ್ಯೆ. ಪರಮಾಣುವಾದರೋ ಆಗಮದಿಂದ ಸಿದ್ಧವಾದುದು. ಅಣುವಿಗೆ ಅನಂತ ಪರಮಾಣುಗಳೆಂದ ಮೇಲೆ ಅಲ್ಲಿಂದ ಎಣಿಸಿ ಅಂಗುಲವನ್ನು ಮುಟ್ಟುವಂತಿಲ್ಲ. ವ್ಯವಹಾರದಲ್ಲಿ ಕಣ್ಣಿಗೆ ಕಾಣುವ ಯವಧಾನ್ಯವೇ ಆಧಾರ. ಆಚಾರ್ಯರ ಹಿರಿಮೆ ಇರುವುದು ಬೇರೆಡೆ: ಯಾವ ವಸ್ತುವಿಗೆ ಯಾವ ಮಾನವೆಂಬುದನ್ನು ಅವರು ವಿಂಗಡಿಸಿ ಹೇಳಿದರು.

ಗ್ರಂಥಸಂಪಾದಕರು ಇದನ್ನು ಮರೆಯಲಾಗದು. ಓಲೆಯಲ್ಲಿ ‘ಯೋಜನ’ವೆಂದಷ್ಟೇ ಇದ್ದರೆ ಪ್ರಕರಣವನ್ನು ನೋಡದೆ ಮೈಲಿಗೆ ಇಳಿಸಬಾರದು. ಜಂಬೂದ್ವೀಪದ ವ್ಯಾಸವು ಲಕ್ಷ ಯೋಜನವೆಂಬಲ್ಲಿ ಪ್ರಮಾಣಯೋಜನವನ್ನೇ ತಿಳಿಯಬೇಕು. ಅಲ್ಲಿ ಉತ್ಸೇಧಯೋಜನವನ್ನು ಹಿಡಿದರೆ ಟಿಪ್ಪಣಿಯ ಲೆಕ್ಕವು 500 ಪಟ್ಟು ತಪ್ಪುವುದು. ಆ ತಪ್ಪು ಲಿಪಿಕಾರನದಲ್ಲ, ನಮ್ಮದು.