ಲೂವ್ರ್ ಹಜಾರದಲ್ಲಿ ತೀರ್ಪಿನ ಹಕ್ಕು

ಫ್ರಾನ್ಸಿನಲ್ಲಿ 1648ರಲ್ಲಿ ಸ್ಥಾಪನೆಯಾದ ಚಿತ್ರ ಮತ್ತು ಶಿಲ್ಪಕಲೆಗಳ ರಾಜಾಶ್ರಿತ ಅಕಾಡೆಮಿಯು ತನ್ನ ಸದಸ್ಯರ ಕೃತಿಗಳನ್ನು 1667ರಿಂದಲೇ ಆಗೊಮ್ಮೆ ಈಗೊಮ್ಮೆ ಪ್ರದರ್ಶಿಸುತ್ತ ಬಂದಿತ್ತಾದರೂ, ಆ ಪ್ರದರ್ಶನವು ಪ್ಯಾರಿಸ್ಸಿನ ಜನಜೀವನದಲ್ಲಿ ವಾಡಿಕೆಯಾಗಿ ನೆಲೆಗೊಂಡದ್ದು 1737ರ ನಂತರ. ಲೂವ್ರ್ ಅರಮನೆಯ ಚೌಕ ಹಜಾರದಲ್ಲಿ ನಡೆಯುತ್ತಿದ್ದ ಈ ಪ್ರದರ್ಶನಕ್ಕೆ ‘ಸಲೋನ್’ ಎಂದು ಹೆಸರು. ಪ್ರವೇಶಕ್ಕೆ ಶುಲ್ಕವಿಲ್ಲದ್ದರಿಂದ ಸಿರಿವಂತರ ಜೊತೆಗೆ ಕುಶಲಕರ್ಮಿಗಳೂ ಆಳುಕಾಳುಗಳೂ ಬಂದು, ಸೂರಿನವರೆಗೆ ಒತ್ತೊತ್ತಾಗಿ ತೂಗಿದ್ದ ಚಿತ್ರಗಳನ್ನು ನೋಡಿಹೋಗುತ್ತಿದ್ದರು. ಆದರೆ ನೋಡಲು ಬಿಟ್ಟ ಮಾತ್ರಕ್ಕೆ ಗುಣದೋಷಗಳನ್ನು ಹೇಳುವ ಅಧಿಕಾರವನ್ನೂ ಜನರಿಗೆ ಕೊಟ್ಟಂತಾಯಿತೆಂದು ಅಕಾಡೆಮಿ ಭಾವಿಸಿರಲಿಲ್ಲ; ಕುಂಚ ಹಿಡಿದವನೇ ಕುಂಚದ ಕೆಲಸವನ್ನು ತೂಗಬಲ್ಲನೆಂಬುದು ಅದರ ನಂಬಿಕೆಯಾಗಿತ್ತು.

ಈ ನಂಬಿಕೆಯನ್ನು ಅಚ್ಚಿನಲ್ಲಿ ಪ್ರಶ್ನಿಸಿದವನು ಲಾ ಫಾಂ ದ ಸೇಂತ್-ಯೆನ್. ಚಿತ್ರಕಾರನಲ್ಲದ ಈತ 1746ರ ಸಲೋನನ್ನು ನೋಡಿ ಮರುವರ್ಷ ಹೆಸರಿಲ್ಲದೆ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಗೋಡೆಗೇರಿದ ಚಿತ್ರವು ಅಚ್ಚಾದ ಪುಸ್ತಕಕ್ಕೂ ರಂಗಕ್ಕೆ ಬಂದ ನಾಟಕಕ್ಕೂ ಸಮಾನವೆಂದೂ, ಅದರ ಬಗ್ಗೆ ತೀರ್ಪು ಹೇಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದೂ ವಾದಿಸಿದನು. ಸಿರಿವಂತರ ಮನೆಗಳಲ್ಲಿ ಕನ್ನಡಿಗಳು ಚಿತ್ರಗಳ ಜಾಗವನ್ನು ಕಬಳಿಸುತ್ತಿವೆಯೆಂಬುದೂ, ಇತಿಹಾಸಚಿತ್ರ, ಅಂದರೆ ಪುರಾಣ, ಧರ್ಮಗ್ರಂಥ ಮತ್ತು ಪ್ರಾಚೀನ ಚರಿತ್ರೆಯ ಪ್ರಸಂಗಗಳನ್ನು ನಿರೂಪಿಸುವ ದೊಡ್ಡ ಚಿತ್ರ, ಸೊರಗಿ ಭಾವಚಿತ್ರಗಳೇ ಹೆಚ್ಚುತ್ತಿವೆಯೆಂಬುದೂ ಅವನ ಆಕ್ಷೇಪಗಳಾಗಿದ್ದವು. ಕಲಾವಿದರು ಕೆರಳಿದರು. ಅವನನ್ನು ಕುರುಡನಂತೆ ಚಿತ್ರಿಸಿದ ವ್ಯಂಗ್ಯಚಿತ್ರವೂ ಹೊರಬಂದಿತು. 1749ರಲ್ಲಿ ಸಲೋನ್ ನಡೆಯದೆ ಹೋದದ್ದಕ್ಕೆ ಅವರ ಅಸಮಾಧಾನವೂ ಒಂದು ಕಾರಣ. ಹೆಸರು ಕೆಟ್ಟರೆ ಕೆಲಸ ಕೊಡುವವರು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರ ಕೋಪವನ್ನು ಬರಿಯ ಗರ್ವವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಅರಸನ ಚಿತ್ರಸಂಗ್ರಹವನ್ನು ಜನರಿಗೆ ತೋರಿಸಬೇಕೆಂಬ ಅವನ ಒತ್ತಾಯ ವ್ಯರ್ಥವಾಗಲಿಲ್ಲ: 1750ರಲ್ಲಿ ಲಕ್ಸೆಂಬರ್ಗ್ ಅರಮನೆಯಲ್ಲಿ ಅದರ ಒಂದು ಭಾಗವನ್ನು ವಾರಕ್ಕೆ ಎರಡು ದಿನ ಸಾರ್ವಜನಿಕರಿಗೆ ತೆರೆಯಲಾಯಿತು.

ವಾದವಾಗಿದ್ದುದನ್ನು ಕಲೆಯಾಗಿಸಿದವನು ದೆನಿ ದಿದೆರೊ. ವಿಶ್ವಕೋಶದ ಸಂಪಾದಕನಾಗಿದ್ದ ಈತ 1759ರಿಂದ 1781ರವರೆಗೆ ಒಂಬತ್ತು ಸಲೋನುಗಳ ವಿಮರ್ಶೆಯನ್ನು ಗೆಳೆಯ ಗ್ರಿಮ್‌ನ ಸಾಹಿತ್ಯಪತ್ರಿಕೆಗಾಗಿ ಬರೆದುಕೊಟ್ಟನು. ಲಿಪಿಕಾರರು ಕೈಯಲ್ಲೇ ನಕಲು ಮಾಡಿ, ರಷ್ಯಾದ ರಾಣಿ ಕ್ಯಾಥರೀನಳೂ ಸೇರಿದಂತೆ ಯೂರೋಪಿನ ಕೆಲವೇ ಆಳರಸರಿಗೆ ಕಳುಹಿಸುತ್ತಿದ್ದ ಪತ್ರಿಕೆಯಾದ್ದರಿಂದ ಅದಕ್ಕೆ ರಾಜಶಾಸನದ ಕತ್ತರಿ ತಾಗಲಿಲ್ಲ. ಓದುಗರು ಚಿತ್ರಗಳನ್ನು ಕಂಡವರಲ್ಲವಾದ್ದರಿಂದ ದಿದೆರೊ ಮೊದಲು ಚಿತ್ರವನ್ನು ಮಾತಿನಲ್ಲಿ ಕಟ್ಟಿಕೊಡಬೇಕಾಗಿತ್ತು, ತೀರ್ಪು ಆಮೇಲಿನದು; ಅವನ ವಿಮರ್ಶೆಯ ಬಲವೆಲ್ಲ ಈ ಅನಿವಾರ್ಯತೆಯಿಂದಲೇ ಹುಟ್ಟಿದಂತೆ ತೋರುತ್ತದೆ. ಶಾರ್ದೆನ್‌ನ ತೊರಕೆ ಮೀನಿನ ಚಿತ್ರವು ಹತ್ತಿರ ಹೋದರೆ ಕಲಸಿಹೋಗಿ, ದೂರ ಸರಿದರೆ ಮತ್ತೆ ರೂಪ ತಾಳುವುದನ್ನು ಅವನು 1763ರಲ್ಲಿ ಗಮನಿಸಿದನು. ಹಣ್ಣು, ಪಾತ್ರೆ, ಮೀನುಗಳ ಜಡವಸ್ತುಚಿತ್ರವನ್ನು ಅಕಾಡೆಮಿಯು ಶ್ರೇಣಿಯ ತಳದಲ್ಲಿಟ್ಟಿದ್ದರೂ, ಅವನ ಕಣ್ಣು ಶ್ರೇಣಿಗೆ ಕಾಯದೆ ಬಣ್ಣದ ಮಾಯೆಗೆ ಒಲಿಯಿತು. ಶಾರ್ದೆನ್‌ನಂಥ ಕಲಾವಿದರೊಡನೆ ಮಾತಾಡುತ್ತ ಅವನು ಕಸುಬಿನ ಗುಟ್ಟುಗಳನ್ನು ಕಲಿತನೇ ಹೊರತು ತೀರ್ಪನ್ನು ಎರವಲು ಪಡೆಯಲಿಲ್ಲ.

ಅವನು ಸದಾ ಸರಿಯಾಗಿದ್ದನೆಂದಲ್ಲ. ಬೂಶೆಯ ಚಿತ್ರಗಳ ವಿಲಾಸವನ್ನು ಹಳಿಯುವ ಭರದಲ್ಲಿ ನೀತಿಯನ್ನೂ ಕಲೆಯನ್ನೂ ಬೆರೆಸಿಬಿಟ್ಟನು. ಗ್ರೂಜ್‌ನ ಕಣ್ಣೀರಿನ ಕೌಟುಂಬಿಕ ದೃಶ್ಯಗಳನ್ನು ಅತಿಯಾಗಿ ಹೊಗಳಿದನು. ಆದರೆ ಅದೇ ಗ್ರೂಜ್ 1769ರಲ್ಲಿ ರೋಮನ್ ಚಕ್ರವರ್ತಿ ಸೆವೆರಸ್‌ನ ಪ್ರಸಂಗವನ್ನು ಚಿತ್ರಿಸಿ ಇತಿಹಾಸಚಿತ್ರಕಾರನ ಪದವಿ ಬಯಸಿದಾಗ, ಹಳೆಯ ಮೆಚ್ಚುಗೆಯನ್ನು ಪಕ್ಕಕ್ಕಿಟ್ಟು ಅದರ ದೋಷಗಳನ್ನು ಹೇಳಿದನು. ವಾನ್ ಲೂ ಬರೆದ ತನ್ನದೇ ಭಾವಚಿತ್ರ 1767ರ ಸಲೋನಿಗೆ ಬಂದಾಗಲೂ ಅದು ತನ್ನಂತಿಲ್ಲವೆಂದು ತಕರಾರು ತೆಗೆದನು.

ವಿಪರ್ಯಾಸವೆಂದರೆ ಸಲೋನಿನಲ್ಲಿ ನೂಕಾಡುತ್ತಿದ್ದ ಪ್ಯಾರಿಸ್ಸಿನ ಜನರಿಗೆ ಈ ಬರಹಗಳು ದೊರೆಯುತ್ತಿರಲಿಲ್ಲ. ಅವರ ಕೈಗೆ ಸಿಗುತ್ತಿದ್ದುದು ಹೆಸರಿಲ್ಲದವರ ಕರಪತ್ರಗಳು, ಅವುಗಳಲ್ಲಿ ಹಲವು ಒರಟಾದವು. 1765ರ ಸಲೋನಿನ ವಿಮರ್ಶೆ ಅಚ್ಚಾದದ್ದು 1795ರಲ್ಲಿ, ದಿದೆರೊ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ. ಆ ವೇಳೆಗೆ ಕ್ರಾಂತಿಯ ಸರ್ಕಾರವು ಸಲೋನನ್ನು ಸದಸ್ಯರಲ್ಲದ ಕಲಾವಿದರಿಗೂ ತೆರೆದಿತ್ತು, ಅಕಾಡೆಮಿಯನ್ನು 1793ರಲ್ಲೇ ರದ್ದುಪಡಿಸಿತ್ತು.