ಬಚ್ಚಲದ ಕಿಂಡಿ ಕಥಿ

ಹ್ವಾದ ವಾರ ನಮ್ಮ ಬಚ್ಚಲದ ಹಳೇ ಎಕ್ಸಾಸ್ಟ್ ಫ್ಯಾನ್ ತಗಸಿದ್ವಿ. ಮೇನ್ ಸ್ವಿಚ್ ಆಫ್ ಮಾಡಿ, ಜಂಗ್ ಹಿಡದ ಬೋಲ್ಟಿಗೆ ಎಣ್ಣಿ ಬಿಟ್ಟು, ಎಲೆಕ್ಟ್ರಿಷಿಯನ್ ಹುಡುಗ ಜಗ್ಗಿ ತಗದಾಗ ಹಿಂದ ಏನ್ ಕಾಣಸ್ತು ಅಂತೀರಿ? ಕರ್ರಗ ಮಸಿ ಹಿಡದ ಕಲ್ಲು. ನಮ್ಮತ್ತಿಯವರ ಕಾಲದಾಗ ನೀರೊಲಿ ಹೊಗಿ ಹೋಗೂ ಕಿಂಡಿ ಅದು!

ಆಗ ಬಚ್ಚಲದಾಗ ಹಂಡೆ, ಅದರ ಕೆಳಗ ಕಟಗಿ, ಕುಳ್ಳು. ಗ್ವಾಡಿ ಮ್ಯಾಲ ಕಿಂಡಿ, ಬಾಗಲದ ಕೆಳಗ ಸಂದಿ. ಬಿಸಿ ಹೊಗಿ ಮ್ಯಾಲೇರಿ ಹೊರಗ ಹೋಗತಿತ್ತು, ಸಂದ್ಯಾಗಿಂದ ತಣ್ಣನ ಗಾಳಿ ಒಳಗ ಬರತಿತ್ತು. ಕಣ್ಣ ಉರೀತಿದ್ವು ಖರೆ. ಆದ್ರ ಹೊಗಿ ಹೆಚ್ಚಾತು, ಹೊರಗ ನಡಿ ಅಂತ ಆ ಕಣ್ಣೇ ಹೇಳತಿದ್ವು.

ಗಾಳಿ ತಳ್ಳೂ ಫ್ಯಾನಿನ ಕಥಿನೂ ಹಳೇದ ಅದ. ಹಿಂದ ಅದು ಗಣಿಯೊಳಗೂ ಇತ್ತು. ಜರ್ಮನಿಯ ಅಗ್ರಿಕೋಲಾ ಬರದ, ೧೫೫೬ರಾಗ ಅಚ್ಚಾದ ಗಣಿ ಪುಸ್ತಕದಾಗ ಕೈಲೆ ತಿರುವೂ ಫ್ಯಾನಿನ ಚಿತ್ರ ಅದಾವ. ೧೮೮೨ರ ಸುಮಾರಿಗೆ ಅಮೆರಿಕಾದ ಸ್ಕೈಲರ್ ವ್ಹೀಲರ್ ಕರೆಂಟಿನ ಫ್ಯಾನ್ ಮಾಡಿದ್ರು. ನಮ್ಮ ನಾಡಿನಾಗೂ ೧೯೦೨ರಾಗ ಶಿವನಸಮುದ್ರದ ಕರೆಂಟು ಹ್ವಾದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಾಗ ಬೀದಿದೀಪ ಹತ್ತಿದ್ದು ೧೯೦೫ಕ್ಕ.

ನಮ್ಮನಿಗೆ ಫ್ಯಾನ್ ಬಂದದ್ದು ೨೦೦೪ರಾಗ, ಟೈಲ್ಸ್ ಹಾಕಿಸಿದಾಗ. ಒಲಿ ಒಡದು ಗ್ಯಾಸ್ ಗೀಜರ್ ಕೂಡ್ಸಿದ್ವಿ. ಕಿಂಡ್ಯಾಗ ಫ್ಯಾನ್ ಇಟ್ವಿ. ಹೊಸಾ ಬಾಗಲಾ ಬಂತು, ಸಂದಿ ಮುಚ್ಚಿತು. ಆಮ್ಯಾಲ ಫ್ಯಾನ್ ಯಾವಾಗ ಬಿಗದು ನಿಂತ್ತೋ, ಯಾರೂ ಲಕ್ಷ್ಯ ಕೊಡಲಿಲ್ಲ.

ಈ ಸಲ ಥಂಡ್ಯಾಗ ಸೊಸಿ ಜಳಕಕ್ಕ ಹ್ವಾದಾಕಿ ತಲಿ ತಿರಗಿ ಬಿದ್ಲು. ಬಾಗಲಾ ಒಡದು ಹೊರಗ ತಂದ್ವಿ. ದೇವರ ದಯಾ, ಉಳಕೊಂಡ್ಲು. ಡಾಕ್ಟರ್ ತಿಳಿಸಿ ಹೇಳಿದ್ರು: ಗ್ಯಾಸ್ ಉರೀಲಿಕ್ಕೆ ಗಾಳಿ ಸಾಲದಿದ್ರ ಕಾರ್ಬನ್ ಮೊನಾಕ್ಸೈಡ್ ಆಗತದ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ಕಣ್ಣೂ ಉರಿಯಂಗಿಲ್ಲ.

ಈಗ ಗೀಜರ್ ಬಚ್ಚಲದ ಹೊರಗ ಹಾಕಿಸೇವಿ. ಅದೇ ಕಿಂಡ್ಯಾಗ ೬ ಇಂಚಿನ ಹೊಸಾ ಫ್ಯಾನ್ ಕೂತದ. ಒಂದ್ ಹಾಳಿ ಹಿಡದು ನೋಡಿದೆ, ಫ್ಯಾನಿಗೆ ಅಂಟಿಕೊಂಡು ನಿಂತಿತು, ಅಂದ್ರ ಗಾಳಿ ಹೊರಗ ಎಳೀಲಿಕತ್ತದ. ಬಾಗಲದ ಕೆಳಗ ಎರಡ ಬೆರಳ ಸಂದಿನೂ ಬಿಡಿಸೇನಿ. ಒಳಗ ಬರಲಾರದ ಗಾಳಿ ಹೊರಗ ಹೆಂಗ ಹೋಗಬೇಕು? ಸಾಲಿ ಕಲೀದ ನಮ್ಮತ್ತಿಯವರಿಗೆ ಇದು ಗೊತ್ತಿತ್ತು, ಪಿಯುಸಿ ಕಲ್ತ ನಾ ಮರತಿದ್ದೆ.

ಅಕ್ಕಾರ, ತಂಗೇರ, ಇವತ್ತ ಬಚ್ಚಲದಾಗ ಒಮ್ಮೆ ತಲಿ ಎತ್ತಿ ನೋಡ್ರಿ, ಫ್ಯಾನ್ ತಿರಗತದೇನು ಅಂತ. ಗ್ಯಾಸ್ ಗೀಜರ್ ಒಳಗಿದ್ರ ಫ್ಯಾನ್ ಅದ ಅಂತ ಸುಮ್ಮನಿರಬ್ಯಾಡ್ರಿ, ಮೊದಲ ಅದನ್ನ ಹೊರಗ ಹಾಕಸ್ರಿ.