ಮಿರಗದ ಹೊತ್ತಿನ ಹಿಮ

ಕಳೆದ ಏಪ್ರಿಲ್‌ನಲ್ಲಿ ನಾವು ಐದು ಜನ ಗೆಳೆಯರು ಬೆಳಗಾವಿಯಿಂದ ಬಸ್ಸು ಹಿಡಿದು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಕಾಡಂಚಿನ ಹಳ್ಳಿಯೊಂದಕ್ಕೆ ಹೋಗಿದ್ದೆವು. ಮೇ ಕೊನೆಯಲ್ಲಿ ಹಿಮಾಚಲದ ಒಂದು ಎತ್ತರದ ಕಣಿವೆದಾರಿ ದಾಟುವ ಯೋಜನೆ ನಮ್ಮದು. ಅದಕ್ಕೆ ಕಾಲು ಪಳಗಿಸಲು ಇಲ್ಲಿನ ಗುಡ್ಡಗಳು. ಫ್ರಿಜ್ಜಿನೊಳಗೆ ಕಟ್ಟುವುದನ್ನು ಬಿಟ್ಟರೆ ಐವರಲ್ಲಿ ಒಬ್ಬರೂ ಹಿಮ ಕಂಡವರಲ್ಲ. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವನು ಎಂಬ ಒಂದೇ ಕಾರಣಕ್ಕೆ, ವಸಂತದ ಹಿಮ ಹೇಗಿರುತ್ತದೆಂದು ಓದಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆ ಹಳ್ಳಿಯ ಹಿರಿಯರೊಬ್ಬರು ನಮಗೆ ಗುಡ್ಡದ ದಾರಿ ತೋರಿಸಿದರು. ಒಣಗಿದ ಹಳ್ಳವೊಂದನ್ನು ದಾಟುವಾಗ, ಮಳೆಗಾಲದಲ್ಲಿ ಇಲ್ಲಿ ನೀರು ಎಷ್ಟು ಬರುತ್ತದೆ ಕಾಕಾ ಎಂದು ಕೇಳಿದೆ. ಅವರು ನಿಂತರು. “ಮಿರಗ ಕೂಡಿದ ಮ್ಯಾಲ ಈ ಕಡೆ ಬರಬ್ಯಾಡ ತಮ್ಮಾ. ಬಂದರೂ, ಇಲ್ಲಿ ನೀರು ಎಷ್ಟೈತಿ ಅಂತ ನೋಡಬ್ಯಾಡ. ಮ್ಯಾಲ ಮಳಿ ಎಷ್ಟ ಆಗೇತಿ ಅಂತ ಕೇಳು” ಎಂದರು. ಮಿರಗ ಎಂದರೆ ಮೃಗಶಿರಾ ಮಳೆ. ನಮ್ಮ ಕಡೆ ಪಂಚಾಂಗದಲ್ಲಿ ಅದು ಕೂಡುವುದು ಜೂನ್ 7 ಅಥವಾ 8ಕ್ಕೆ.

ಆ ತಾರೀಖು ನನ್ನನ್ನು ಬಿಡಲಿಲ್ಲ. ಆ ವಾರ ನಾನು ಓದುತ್ತಿದ್ದದ್ದು 1922ರ ಎವರೆಸ್ಟ್ ಯಾತ್ರೆಯ ಕಥೆ. ಅದರ ದುರಂತ ನಡೆದದ್ದೂ ಜೂನ್ 7ರಂದೇ.

ಅದರ ಹಿಂದಿನ ವರ್ಷ, 1921ರಲ್ಲಿ, ಬ್ರಿಟಿಷರು ಒಂದು ತಂಡವನ್ನು ಟಿಬೆಟ್ ಕಡೆಯಿಂದ ಕಳಿಸಿದ್ದರು. ಶಿಖರ ಏರುವುದಕ್ಕಿಂತ ಹೆಚ್ಚಾಗಿ ದಾರಿ ಎಲ್ಲಿದೆ, ಹಿಮ ಹೇಗಿದೆ ಎಂದು ನೋಡಿ ಬರುವುದು ಅವರ ಕೆಲಸ. ತಿಂಗಳುಗಟ್ಟಲೆ ಅಲೆದು, ಸೆಪ್ಟೆಂಬರ್ 24ರಂದು ಜಾರ್ಜ್ ಮ್ಯಾಲೊರಿ, ಬುಲಕ್, ವ್ಹೀಲರ್ ಮೂವರು ಸುಮಾರು 7,000 ಮೀಟರ್ ಎತ್ತರದ ನಾರ್ತ್ ಕೋಲ್ ಮುಟ್ಟಿದರು. 1922ರ ತಂಡ ಅದೇ ಇಳಿಜಾರನ್ನು ಮೇ ತಿಂಗಳಲ್ಲಿ ಹಲವು ಸಲ ಹತ್ತಿ ಇಳಿಯಿತು. ಪರಿಚಯವಾದ ದಾರಿ.

ಜೂನ್ ಮೊದಲ ವಾರ ಹೊಸ ಹಿಮ ಬಿತ್ತು. ಮುಂಗಾರಿಗೆ ಮುನ್ನ ಇನ್ನೊಂದು ಯತ್ನ ಮಾಡುವ ಆತುರ. ಬಿಸಿಲು ಬಂತು, ಹಿಮ ಗಟ್ಟಿಯಾಗಿರಬಹುದು ಎಂದುಕೊಂಡರು. ಇಳಿಜಾರಿನ ಬುಡದಲ್ಲಿ ತುಳಿದು ಪರೀಕ್ಷೆಯನ್ನೂ ಮಾಡಿದರು. ಅಲ್ಲಿ ಏನೂ ಜರುಗಲಿಲ್ಲ. ಮ್ಯಾಲೊರಿ, ಸಾಮರ್ವೆಲ್, ಕ್ರಾಫರ್ಡ್ ಮತ್ತು 14 ಹೊರೆಯಾಳುಗಳು ಹಗ್ಗ ಕಟ್ಟಿಕೊಂಡು ಹೊರಟರು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಹಿಮ ಹಾಳೆಯಂತೆ ಕಳಚಿ ಜಾರಿತು. ಮುಂದಿದ್ದವರು ಹೇಗೋ ಹೊರಬಂದರು. ಹಿಂದಿನ ಹಗ್ಗಗಳಲ್ಲಿದ್ದ ಒಂಬತ್ತು ಜನ ಹಿಮದ ಗೋಡೆಯಾಚೆ ಬಿದ್ದರು. ಏಳು ಜನ ಸತ್ತರು. ಏಳೂ ಹೊರೆಯಾಳುಗಳು.

ಹೊಸ ಹಿಮ ಹಳೆಯ ಹಿಮದ ಮೇಲೆ ಕೂರುತ್ತದೆ, ಆದರೆ ಅಂಟಿಕೊಳ್ಳಲು ಸಮಯ ಬೇಕು. ಮೇಲೆ ಎಷ್ಟೇ ಗಟ್ಟಿ ಕಂಡರೂ ನಡುವೆ ಒಂದು ದುರ್ಬಲ ಪದರ ಉಳಿದಿದ್ದರೆ ಮೇಲಿನದೆಲ್ಲ ಒಮ್ಮೆಲೇ ಜಾರುತ್ತದೆ. ಅದಕ್ಕೇ ಇಂದು ಹಿಮ ಬಲ್ಲವರು ಗುಂಡಿ ತೋಡಿ ಪದರ ಪದರವಾಗಿ ನೋಡುತ್ತಾರೆ. ವಸಂತದ ಹಿಮದ ರೀತಿ ಬೇರೆ. ಹಗಲು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ನಸುಕಿನಲ್ಲಿ ಕಲ್ಲಿನಂತಿದ್ದದ್ದು ಮಧ್ಯಾಹ್ನಕ್ಕೆ ಅಂಬಲಿ. ಹಾಗಾಗಿ ಕತ್ತಲಲ್ಲೇ ಹೊರಟು ಬಿಸಿಲೇರುವ ಮೊದಲು ದಾಟಬೇಕು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲದ ಬಿಸಿ ಮೇಲೆ ಹೋಗಿ ಹಿಮ ಚೆನ್ನಾಗಿ ಗಟ್ಟಿಯಾಗುತ್ತದೆ. ಮೋಡ ಕವಿದಿದ್ದರೆ ಆಗುವುದಿಲ್ಲ. ಹಿಮದ ಸ್ಥಿತಿ ತಿಳಿಯಲು ಹಿಮಕ್ಕಿಂತ ಮೊದಲು ಹಿಂದಿನ ರಾತ್ರಿಯನ್ನು ಕೇಳಬೇಕು. ಜಾಂಬೋಟಿಯ ಕಾಕಾ ಹಳ್ಳದ ಬಗ್ಗೆ ಹೇಳಿದ್ದು ಇದನ್ನೇ ಅಲ್ಲವೇ?

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಹಿಮಕ್ಕಿಂತ ಆ ಹಗ್ಗ. ಇಳಿಜಾರು ಸರಿಯಿದೆ ಎಂದು ತೀರ್ಮಾನಿಸಿದವರು ಮೂವರು, ಬದುಕಿ ಬರೆದವರೂ ಅವರೇ. ಬೇಡವೆನ್ನುವ ಅವಕಾಶ ಹಿಂದಿನ ಹಗ್ಗದವರಿಗೆ ಎಷ್ಟಿತ್ತು? ಸಾಮರ್ವೆಲ್ ಶಸ್ತ್ರವೈದ್ಯ. ಸತ್ತವರಲ್ಲಿ ತಮ್ಮವರೊಬ್ಬರೂ ಇಲ್ಲವೆಂಬ ಸಂಕಟವನ್ನು ಆತ ಮುಚ್ಚಿಡಲಿಲ್ಲ. ಯಾತ್ರೆ ಮುಗಿದ ಮೇಲೆ ಭಾರತ ಸುತ್ತುತ್ತ ದಕ್ಷಿಣದ ತುದಿಯ ನೆಯ್ಯೂರಿನ ಮಿಶನ್ ಆಸ್ಪತ್ರೆ ಕಂಡು, ಲಂಡನ್ನಿನ ಭವಿಷ್ಯ ಬಿಟ್ಟು ಅಲ್ಲೇ ದಶಕಗಳ ಕಾಲ ದುಡಿದ. ಆ ಸಂಕಟವೇ ಇದಕ್ಕೆ ಕಾರಣವೆಂದು ಹೇಳಿದರೆ ಕಥೆ ಚೆನ್ನಾಗಿ ಕೂಡುತ್ತದೆ, ಆದರೆ ಇತಿಹಾಸಕಾರ ಅಷ್ಟು ಸಲೀಸಾಗಿ ಹೇಳಬಾರದು.

ಹಿಮ ನಮ್ಮಿಂದ ದೂರದ ಸಂಗತಿಯೂ ಅಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ನಾನಾಗ ಕಾಲೇಜಿನಲ್ಲಿದ್ದೆ. ಆ ವಾರ ಮನೆಯಲ್ಲಿ ಯಾರೂ ಟಿವಿ ಆರಿಸಲಿಲ್ಲ. ಪಹರೆಗೆ ನಿಂತವನು ಹಿಮ ಸರಿಯಿಲ್ಲವೆಂದು ತನ್ನಿಷ್ಟಕ್ಕೆ ಇಳಿದು ಬರುವಂತಿಲ್ಲ. ನಮ್ಮಂಥ ಹವ್ಯಾಸಿಗಳು ಬರಬಹುದು.

ನಮ್ಮ ಮೇ ತಿಂಗಳ ಚಾರಣದಲ್ಲಿ, ಕಣಿವೆದಾರಿಯ ಬುಡದ ಬಿಡಾರದಿಂದ ಹೊರಡುವ ದಿನ, ನಸುಕಿನ 3ಕ್ಕೆ ಎದ್ದೆವು. ಊರಿನ ಮಾರ್ಗದರ್ಶಿ ನಮಗಿಂತ ಮೊದಲೇ ಎದ್ದು ಹೋಗಿ ಕೋಲು ಚುಚ್ಚಿ ಬಂದಿದ್ದ. ರಾತ್ರಿಯಿಡೀ ಮೋಡವಿತ್ತು, ಕೋಲು ಪೂರ್ತಿ ಒಳಗಿಳಿಯಿತು ಎಂದ. ನಮ್ಮಲ್ಲೊಬ್ಬ, ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ಸ್ವಲ್ಪ ದೂರ ಹೋಗಿ ನೋಡೋಣವೆಂದ. ನೀವು ಹೇಳಿದರೆ ಬರುತ್ತೇನೆ ಎಂದ ಮಾರ್ಗದರ್ಶಿ ನೆಲ ನೋಡುತ್ತ ನಿಂತ. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ನಾನು ಬರುವುದಿಲ್ಲ ಎಂದೆ. ಜಗಳವಾಯಿತು. ಕೊನೆಗೆ ಚಹಾ ಕುಡಿದು ಐವರೂ ಇಳಿದೆವು.

ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದಾಗ ಮಿರಗ ಕೂಡಲು ಇನ್ನೂ ನಾಲ್ಕು ದಿನವಿತ್ತು. ಖರ್ಚಿನ ಮಾತೆತ್ತಿದ್ದ ಗೆಳೆಯ ಪ್ರಯಾಣವಿಡೀ ನನ್ನ ಜೊತೆ ಮಾತಾಡಿರಲಿಲ್ಲ.